ಆಮೇಲಕ್ಕ ಚಪ್ಪಾಳೆ ತಟ್ಟಿಸಿದ ಮೇಲೆ

ಆಕೆಯ ನಿಜವಾದ ಹೆಸರು ಗ್ರಂಥಾಲಯದ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ನಮಗೆಲ್ಲ ಅವರು ಆಮೇಲಕ್ಕ. ವಾರವಿಡೀ ಕನ್ನಡಕದ ಅಂಗಡಿಯಲ್ಲಿ ಗಾಜು ಒರೆಸಿ, ಶನಿವಾರ ಮಧ್ಯಾಹ್ನ ಇಲ್ಲಿನ ಮಕ್ಕಳ ಕೋಣೆಗೆ ಬಂದು ಗಿಡ್ಡ ಸ್ಟೂಲಿನ ಮೇಲೆ ಕೂರುತ್ತಾರೆ. ಕೈಯಲ್ಲಿ ಪುಸ್ತಕವಿರುವುದಿಲ್ಲ. "ಒಂದು ಮೊಲ ಮನೆಯಿಂದ ಹೊರಟಿತು" ಎಂದು ಶುರು ಮಾಡಿ, ಕಣ್ಣರಳಿಸಿ ಕೇಳುತ್ತಾರೆ: "ಆಮೇಲೆ?" ಮುಂದಿನದನ್ನು ಮಕ್ಕಳೇ ಹೇಳಬೇಕು. ಯಾವ ಮಗು ಏನೇ ಹೇಳಲಿ, ಅವರು ಬೇಡವೆನ್ನುವುದಿಲ್ಲ. ನನ್ನ ಮಗಳು ಒಮ್ಮೆ ಮೊಲಕ್ಕೆ ಭೇದಿ ಮಾಡಿಸಿದಳು. ಅದನ್ನೂ ಒಪ್ಪಿಕೊಂಡು ಇಡೀ ಕಾಡಿನಲ್ಲಿ ಚಡ್ಡಿ ಹುಡುಕಿಸಿದರು.

"ನಿಮ್ಮ ಮಗಳು ಕಥೆಗಾರ್ತಿ ಆಗ್ತಾಳೆ ನೋಡ್ತಿರಿ."

"ಮೊದಲು ಅವಸರವಾದಾಗ ಹೇಳಿ ಬಚ್ಚಲಿಗೆ ಹೋಗೋದು ಕಲೀಲಿ ಅಕ್ಕ, ಅಷ್ಟು ಸಾಕು ನನಗೆ."

ಮೂರು ಶನಿವಾರಗಳಿಂದ ಕಥೆಗಳೆಲ್ಲ ಒಂದೇ ಕಡೆ ಹೋಗತೊಡಗಿದ್ದವು. ಆನೆ ಹೊರಡಲಿ, ರಾಜಕುಮಾರಿ ಹೊರಡಲಿ, ಕೊನೆಗೆ ಒಂದು ಬಾವಿಯ ಬಾಯಿಗೇ ಬಂದು ನಿಲ್ಲುವುದು. ಹಸಿರು ಕಬ್ಬಿಣದ ಮುಚ್ಚಳ ಅರ್ಧ ಸರಿದಿದೆ ಎಂದಿತು ಒಂದು ಮಗು. ಕಲ್ಲು ಹಾಕಿದರೆ ಮೂರು ಎಣಿಸಿದ ಮೇಲೇ ಸದ್ದು ಬರುವುದು ಎಂದಿತು ಇನ್ನೊಂದು. ಒಳಗೆ ಬೆಕ್ಕಿನ ಮರಿ ಅಳುತ್ತದಂತೆ. ಹಿಂದೆ ಗೋಡೆಗೊರಗಿ ಕೂತ ತಾಯಂದಿರು ನಾವು ನಕ್ಕೆವು. ಒಬ್ಬರ ಮಾತನ್ನು ಒಬ್ಬರು ಕದಿಯುವುದು ಮಕ್ಕಳ ಜಾಯಮಾನವಲ್ಲವೇ?

ಕಳೆದ ವಾರ ಆಮೇಲಕ್ಕ, "ಮರೀನ ತರೋಕೆ ಯಾರು ಇಳೀತೀರಿ?" ಎಂದು ಕೇಳಿದ್ದರು. ದರ್ಜಿಯಮ್ಮನ ಮಗಳು, ಏಳು ವರ್ಷದ ಸಣಕಲಿ, ಕೈ ಎತ್ತಿದಳು. "ಭಲೇ ನನ್ನ ಧೀರೆ!" ಎಂದು ಎಲ್ಲರಿಂದ ಚಪ್ಪಾಳೆ ತಟ್ಟಿಸಿದರು.

ಇವತ್ತು ಅವಳ ಜಾಗ ಖಾಲಿಯಿತ್ತು.

"ಎಲ್ಲಿ ನಮ್ಮ ಧೀರೆ?"

"ಮರಿ ತರೋಕೆ ಹೋಗಿದಾಳೆ," ಎಂದಳು ನನ್ನ ಮಗಳು. "ಬಟ್ಟೆ ಒಣಗಿಸೋ ಹಗ್ಗ ತಗೊಂಡು."

ನಗಲು ಹೋದ ನನ್ನ ಬಾಯಿ ಹಾಗೇ ನಿಂತಿತು. ಆಮೇಲಕ್ಕನ ಮುಖ ಸುಣ್ಣದಂತಾಗಿತ್ತು.

"ಎಲ್ಲೇ ಇದೆ ಆ ಬಾವಿ?" ಎಂದು ಗದರಿದೆ. ಅಷ್ಟೇ, ಅಷ್ಟೂ ಬಾಯಿಗಳಿಗೆ ಬೀಗ ಬಿತ್ತು. ಹೋಗಬಾರದ ಕಡೆ ಹೋಗಿದ್ದು ತಿಳಿದರೆ ಬೆನ್ನಿಗೆ ಗುದ್ದು ಬೀಳುವುದು ಅವಕ್ಕೆಲ್ಲ ಗೊತ್ತು. ಮಗಳು ಫ್ರಾಕಿನ ಅಂಚನ್ನು ಬಾಯಿಗಿಟ್ಟುಕೊಂಡಳು.

ಸುಮ್ಮನಿರೆಂದು ಆಮೇಲಕ್ಕ ನನಗೆ ಕಣ್ಣಲ್ಲೇ ಹೇಳಿದರು. ಎರಡೂ ಕೈಗಳನ್ನು ಮಂಡಿಯ ಕೆಳಗೆ ಸಿಕ್ಕಿಸಿಕೊಂಡರು. ದನಿ ಮಾತ್ರ ಎಂದಿನದೇ.

"ಒಂದು ಮೊಲ ಇತ್ತು. ಇದೇ ಬಾಗಿಲಿಂದ ಹೊರಗೆ ಬಂತು. ಆಮೇಲೆ?"

ಕೊನೆಗೆ ಮೂಲೆಯಿಂದ ಒಂದು ಸಣ್ಣ ದನಿ: "ಎಡಕ್ಕೆ ಹೋಯ್ತು."

"ಇಸ್ತ್ರಿ ಅಂಗಡಿ ಹತ್ರ ನಾಯಿ ಇತ್ತು. ಅದು ಕಚ್ಚಲ್ಲ."

"ಮೊಲ ಕಂಡ್ರೂ ಕಚ್ಚಲ್ವಾ?"

"ಅದಕ್ಕೆ ಹಲ್ಲೇ ಇಲ್ಲ ಅಕ್ಕ!"

ನಾನು ಮೆಲ್ಲಗೆ ಬಾಗಿಲಿಗೆ ಸರಿದೆ.

"ಆಮೇಲೆ ತಗಡಿನ ಬೇಲಿ. ಕೆಳಗೆ ತೂತು. ನುಸುಳಿದ್ರೆ ಹಳೇ ಪ್ರೆಸ್ಸಿನ ಹಿತ್ತಲು..."

ಚಪ್ಪಲಿ ಹುಡುಕದೆ ಓಡಿದೆ. ತೂತು ಮಕ್ಕಳ ಅಳತೆಯದು. ತಗಡು ಎತ್ತಿ ತೂರುವಾಗ ತೋಳು ಸೀಳಿತು. ಹಿತ್ತಲಲ್ಲಿ ಒಂದು ಹಕ್ಕಿಯ ಸದ್ದೂ ಇಲ್ಲ. ಹಸಿರು ಮುಚ್ಚಳ ಅರ್ಧ ಸರಿದಿತ್ತು. ಪಕ್ಕದಲ್ಲಿ ಪುಟ್ಟ ಚಪ್ಪಲಿಗಳು, ಒಳಮನೆಗೆ ಹೋದವರು ಬಿಟ್ಟಂತೆ ಜೋಡಿಸಿಟ್ಟಿದ್ದವು. ಹತ್ತಿರದ ಪೈಪಿಗೆ ಕಟ್ಟಿದ ಹಗ್ಗ ಕತ್ತಲೊಳಗೆ ಇಳಿದಿತ್ತು.

ಕೂಗಿದರೆ ಬೆಚ್ಚಿ ಕೈಬಿಟ್ಟಾಳು. ಬೋರಲು ಮಲಗಿ ಇಣುಕಿದೆ. ಗೋಡೆಗೆ ಬಡಿದ ಕಬ್ಬಿಣದ ಮೂರನೇ ಮೆಟ್ಟಿಲ ಮೇಲೆ ಅವಳಿದ್ದಳು. ನಾಲ್ಕನೆಯದು ಇರಲೇ ಇಲ್ಲ. ಅದಕ್ಕಾಗಿ ಕಾಲು ತಡಕಾಡುತ್ತಿತ್ತು.

ಮೊದಲು ಜಡೆ ಸಿಕ್ಕಿತು. ಬಳಿಕ ತೋಳು. ಎಳೆದು ಮೇಲೆ ಹಾಕಿಕೊಂಡಾಗ ಅವಳ ಸೊಂಟದ ಹಗ್ಗವೂ ಪೈಪಿನಿಂದ ಬಿಚ್ಚಿಕೊಂಡು ಜೊತೆಗೇ ಬಂತು. ಒಂದೇ ಸುತ್ತು, ಗಂಟೇ ಹಾಕಿರಲಿಲ್ಲ.

"ಬಿಡಿ ಆಂಟಿ," ಎಂದು ಕೊಸರಿದಳು. "ಮರಿ ಅಳೋದು ನಿಲ್ಲಿಸ್ಬಿಟ್ಟಿದೆ."

ಯಾರೋ ಸುದ್ದಿ ಮುಟ್ಟಿಸಿದ್ದರು. ಕೊರಳಲ್ಲಿ ಅಳತೆಪಟ್ಟಿ ನೇತಾಡುತ್ತಿದ್ದಂತೆಯೇ ದರ್ಜಿಯಮ್ಮ ಓಡಿ ಬಂದರು. ಅವರ ಹಿಂದೆ ಆಮೇಲಕ್ಕ. ದರ್ಜಿಯಮ್ಮ ಮಗಳ ಕೆನ್ನೆಗೊಂದು ಕೊಟ್ಟು, ಮರುಕ್ಷಣವೇ ಅವುಚಿಕೊಂಡರು.

"ಯಾರೇ ನಿನಗೆ ಇಳಿಯೋಕೆ ಹೇಳಿದ್ದು? ಬೊಗಳೇ!"

ಮಕ್ಕಳಾಟ ಬಿಡಿ ಎಂದು ನಾನೇ ತೇಲಿಸಿಬಿಡಬಹುದಿತ್ತು. ಬಾಯಿ ತೆರೆದೂ ಇದ್ದೆ.

"ನಾನಮ್ಮ," ಎಂದರು ಆಮೇಲಕ್ಕ. "ಎಲ್ಲರ ಮುಂದೆ ಹುರಿದುಂಬಿಸಿ ಕಳಿಸಿದ್ದು ನಾನೇ."

ದರ್ಜಿಯಮ್ಮ ಅವರತ್ತ ತಿರುಗಿದರು. "ನಿಮ್ಮ ಹತ್ರ ಬಿಟ್ರೆ ನಿಶ್ಚಿಂತೆ ಅಂತ ಮಿಷನ್ ತುಳೀತಿದ್ದೆ ಕಣ್ರೀ," ಎಂದಷ್ಟೇ ಹೇಳಿ ಮಗಳನ್ನು ಎತ್ತಿಕೊಂಡು ಹೋದರು.

ನಾವಿಬ್ಬರೂ ಸೇರಿ ತಳ್ಳಿದರೂ ಮುಚ್ಚಳ ಜಗ್ಗಲಿಲ್ಲ. ಆಮೇಲಕ್ಕ ಅದರ ಮೇಲೇ ಕೂತರು.

"ನೀವು ಹೊರಡಿ, ಮಗು ಕಾಯ್ತಿದೆ. ಮುಚ್ಚೋಕೆ ಯಾರಾದರೂ ಬರೋವರೆಗೂ ನಾನಿರ್ತೀನಿ."

ಬೇಲಿಯ ಹತ್ತಿರ ತಿರುಗಿ ನೋಡಿದೆ. ಅವರು ಕತ್ತಲಿನತ್ತ ಬಗ್ಗಿ ಕಿವಿಗೊಟ್ಟಿದ್ದರು.