ಸಾಲು ಎತ್ತಿಕೊಡುತ್ತಿದ್ದ ದನಿ

೨೦೨೩ರಲ್ಲಿ ನಾನು ಮಂಡ್ಯದಲ್ಲಿ ಒಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೊ ನಡೆಸುತ್ತಿದ್ದೆ. ಮೂವತ್ತು ವರ್ಷ ಧ್ವನಿಯ ಕೆಲಸ ಮಾಡಿ ಕಿವಿ ಪಳಗಿತ್ತು, ಸೊಂಟ ಹಿಡಿದುಕೊಂಡಿತ್ತು. ಮೈಕು ಹೊತ್ತು ಊರೂರು ತಿರುಗುವುದನ್ನು ಬಿಟ್ಟು ಕೂತಲ್ಲೇ ಆಗುವ ಕೆಲಸ ಹುಡುಕುತ್ತಿದ್ದಾಗ, ಜನಪದ ಹಾಡು ಸಂಗ್ರಹಿಸುವ ಒಂದು ಸಂಸ್ಥೆಯವರು ಬಂದರು. ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಮದುವೆಮನೆಗಳಲ್ಲಿ ಅವರು ವರ್ಷಗಟ್ಟಲೆ ರೆಕಾರ್ಡ್ ಮಾಡಿದ್ದ ಸೋಬಾನೆ ಪದಗಳು ಒಂದು ಹಾರ್ಡ್ ಡಿಸ್ಕಿನಲ್ಲಿ ಗುಡ್ಡೆ ಬಿದ್ದಿದ್ದವು. ಯಾವ ಫೈಲು ಯಾವ ಊರಿನದು ಎಂದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಅವನ್ನೆಲ್ಲ ತಾನೇ ಪರಿವರ್ತಿಸಿ, ತಾನೇ ಜೋಡಿಸಿಡುವ ಸಾಫ್ಟ್‌ವೇರ್ ಸಿದ್ಧಮಾಡಿಕೊಡುವುದು ನನ್ನ ಕೆಲಸ.

ಅದು ನಡೆಯುವ ಬಗೆ ಇಷ್ಟೆ. ‘ಬಂದದ್ದು’ ಎಂಬ ಫೋಲ್ಡರಿಗೆ ಮೂಲ ಫೈಲನ್ನು ಹಾಕಿದರೆ ಸಾಫ್ಟ್‌ವೇರ್ ಅದರಿಂದ ಎರಡು ಪ್ರತಿ ಮಾಡುತ್ತದೆ. ಮೊದಲನೆಯದು ಫ್ಲ್ಯಾಕ್. ಇದು ಲಾಸ್‌ಲೆಸ್, ಅಂದರೆ ಮೂಲದ ಏನನ್ನೂ ಕಳೆಯದ ಪ್ರತಿ. ಸೀರೆ ಮಡಿಸಿಟ್ಟ ಹಾಗೆ ಜಾಗ ಕಡಿಮೆ ಹಿಡಿಯುತ್ತದೆ, ಬಿಡಿಸಿದರೆ ಒಂದು ಎಳೆಯೂ ಕಡಿಮೆಯಾಗಿರುವುದಿಲ್ಲ. ಎರಡನೆಯದು ಎಂಪಿ3, ಜನ ಮೊಬೈಲಿನಲ್ಲಿ ಕೇಳುವುದಕ್ಕೆ. ಇದನ್ನು ಮಾಡುವಾಗ ಹಾಡಿನ ನಡುನಡುವೆ ಕೇಳುವ ಪಾತ್ರೆಯ ಸದ್ದು, ಫ್ಯಾನಿನ ಸದ್ದು, ಗುಸುಗುಸು ಎಲ್ಲವನ್ನೂ ಸಾಫ್ಟ್‌ವೇರ್ ಅಡಗಿಸುತ್ತದೆ. ಇದಕ್ಕೆ ನಾಯ್ಸ್ ಗೇಟ್ ಎನ್ನುತ್ತಾರೆ. ಗೊತ್ತುಮಾಡಿದ ಮಟ್ಟಕ್ಕಿಂತ ದೊಡ್ಡ ದನಿಗೆ ಗೇಟು ತೆರೆಯುತ್ತದೆ, ಸಣ್ಣ ದನಿಗೆ ಮುಚ್ಚಿಕೊಳ್ಳುತ್ತದೆ. ಕೊನೆಗೆ, ರೆಕಾರ್ಡ್ ಮಾಡಿದವರ ಹಳೆಯ ಚೀಟಿಗಳಿಂದ ನಾನು ತುಂಬಿಸಿಟ್ಟ ಪಟ್ಟಿ ನೋಡಿ, ಊರು, ಹಾಡು, ಮುಖ್ಯ ಗಾಯಕಿ ಎಂದು ವಿಂಗಡಿಸಿ ಇಡುತ್ತದೆ. ಎಲ್ಲ ಸ್ಟುಡಿಯೊಗಳಲ್ಲೂ ಇದೇ ರೂಢಿ.

ಎಂಪಿ3 ಪ್ರತಿಗಳನ್ನು ಸಂಸ್ಥೆಯವರು ಊರುಗಳಿಗೆ ಹಂಚಿದರು. ಸ್ವಲ್ಪ ದಿನಕ್ಕೆ ಮಂಜುಳ ಎಂಬ ಹುಡುಗಿ ಪೆನ್‌ಡ್ರೈವ್ ಹಿಡಿದು ನನ್ನಲ್ಲಿಗೆ ಬಂದಳು. ಪೂರಿಗಾಲಿಯವಳು, ಕೊಪ್ಪದ ಹಾಲಿನ ಡೈರಿಯಲ್ಲಿ ಕೆಲಸ. ಜೊತೆಯಲ್ಲಿ ಅವಳ ತಾಯಿ ಚಿಕ್ಕತಾಯಮ್ಮ. ಆಕೆಗೆ ಗಂಟಲ ಕ್ಯಾನ್ಸರ್ ಆಗಿ, ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕತ್ತಿನಲ್ಲಿ ಮಾಡಿದ ರಂಧ್ರದಿಂದ ಉಸಿರಾಡುತ್ತಿದ್ದರು, ಅದರ ಮೇಲೆ ಸೆರಗು ಹೊದ್ದಿದ್ದರು. ನಮಸ್ಕಾರವನ್ನು ಕೈಯಲ್ಲೇ ಮಾಡಿ ಮೂಲೆಯ ಸ್ಟೂಲಿನಲ್ಲಿ ಕುಳಿತರು.

“ಸಾರ್, ನಮ್ಮೂರ್ ಮದ್ವೇಲೆಲ್ಲಾ ಪದ ಏಳ್ಕೊಟ್ಟಿದ್ದು ನಮ್ಮವ್ವನೇ. ಇದ್ರಲ್ಲಿ ಅವ್ವ ಎಲ್ಲೂ ಇಲ್ವಲ್ಲ? ಬರೋ ತಿಂಗ್ಳು ನನ್ ಮದ್ವೆ. ಅಸೆ ಮ್ಯಾಲೆ ಕೂತಾಗ ಅವ್ವನ್ ದನಿ ಕೇಳ್ಬೇಕು. ಒಂದೇ ಒಂದ್ ಪದ ಉಡುಕ್ಕೊಡಿ ಸಾರ್.”

ಚಿಕ್ಕತಾಯಮ್ಮನ ಹೆಸರು ಹಾಕಿ ಹುಡುಕಿದೆ. ಒಂದೂ ಸಿಗಲಿಲ್ಲ. ಪೂರಿಗಾಲಿಯ ಹಾಡುಗಳೆಲ್ಲ ಗೌರಮ್ಮ ಎಂಬಾಕೆಯ ಹೆಸರಿನಲ್ಲಿದ್ದವು. ಕಾರಣವನ್ನು ಮಂಜುಳ ಹೇಳಿದಳು. ಇವಳು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡರು. ಅಂದಿನಿಂದ ಚಿಕ್ಕತಾಯಮ್ಮ ಹಸೆಯ ಮುಂದೆ ಕೂತು ಹಾಡುವಂತಿರಲಿಲ್ಲ. ಆದರೆ ಊರಿನಲ್ಲಿ ಪದಗಳು ಪೂರ್ತಿ ಬರುತ್ತಿದ್ದುದು ಆಕೆಗೆ ಮಾತ್ರ. ಹಾಗಾಗಿ ಹೆಂಗಸರು ಹೊರಗೆ ಚಪ್ಪರದಲ್ಲಿ ಕೂತರೆ, ಆಕೆ ಹೊಸ್ತಿಲ ಒಳಗೆ ಬಾಗಿಲ ಮರೆಯಲ್ಲಿ ನಿಂತು ಪ್ರತಿ ಸಾಲಿನ ಮೊದಲೆರಡು ಮಾತು ಮೆಲ್ಲಗೆ ಎತ್ತಿಕೊಡುವುದು, ಗೌರಮ್ಮ ಅದನ್ನು ಹಿಡಿದು ಗಟ್ಟಿಯಾಗಿ ಹಾಡುವುದು. ಹಾಡು ಬೇಕು, ಹಾಡುವವಳು ಕಣ್ಣಿಗೆ ಬೀಳಬಾರದು! ಕೇಳಿ ನನಗೆ ಮೈ ಉರಿಯಿತು.

ಮಡಿಸಿಟ್ಟ ಫ್ಲ್ಯಾಕ್ ಪ್ರತಿ ತೆಗೆದು, ಸಾಲುಗಳ ನಡುವಿನ ಜಾಗವನ್ನು ಗಟ್ಟಿ ಮಾಡಿ ಕೇಳಿಸಿದೆ. ಬಟ್ಟಲ ಸದ್ದು, ಮಗುವಿನ ಅಳು, ಆಮೇಲೆ ದೂರದಿಂದ ಒಂದು ತೆಳುವಾದ ದನಿ: “ಇತ್ತಲ ಅರಿಸ್ನ ಕಿತ್ತು…” ಅಷ್ಟೆ. ಹಿಂದೆಯೇ ಗೌರಮ್ಮನ ದೊಡ್ಡ ಗಂಟಲು. ಮುಂದಿನ ಸಾಲಿನ ಮೊದಲು ಮತ್ತೆ ಅದೇ ದನಿ. ನನ್ನ ಗೇಟು ಆ ದನಿಯನ್ನೂ ಪಾತ್ರೆ ಸದ್ದಿನ ಜೊತೆ ಸೇರಿಸಿ ಹೊರಗಿಟ್ಟಿತ್ತು.

ಮಂಜುಳ ಬಾಯಿಗೆ ವೇಲು ಒತ್ತಿಕೊಂಡು ಅತ್ತಳು. ಚಿಕ್ಕತಾಯಮ್ಮ ಅಳಲಿಲ್ಲ. ಸ್ಟೂಲಿನಿಂದ ಎದ್ದು ಬಂದು ಸ್ಪೀಕರಿನ ಮೇಲೆ ಅಂಗೈ ಇಟ್ಟು, ದನಿ ಬಂದಾಗಲೆಲ್ಲ ಅದು ಅದುರುವುದನ್ನು ಮುಟ್ಟಿ ನೋಡುತ್ತಾ ನಿಂತರು.

ಎಲ್ಲ ಫೈಲುಗಳನ್ನೂ ಜಾಲಾಡಿದೆ. ಒಂದು ಇಡೀ ಪದ ಆಕೆಯ ದನಿಯಲ್ಲಿ ಎಲ್ಲಿಯೂ ಇರಲಿಲ್ಲ. ಇದ್ದದ್ದು ಬರೀ ಸಾಲಿನ ಆರಂಭಗಳು. ಮಂಜುಳಳಿಗೆ ಫೋನಿನಲ್ಲಿ ಹೇಳಿದೆ. “ಸಾರ್, ಅವ್ವ ಎತ್ಕೊಡ್ಲಿ, ಗೌರತ್ತೆಯವ್ರು ಆಡ್ಲಿ. ಮದ್ಲಿಂದ್ಲೂ ಅಂಗೇ ಅಲ್ವಾ?” ಅಂದಳು.

ಆ ಆರಂಭಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ, ಪದದ ಕ್ರಮದಲ್ಲಿ ಜೋಡಿಸಿಟ್ಟುಕೊಂಡೆ. ಮದುವೆಯ ದಿನ ಲ್ಯಾಪ್‌ಟಾಪು, ಸ್ಪೀಕರು, ರೆಕಾರ್ಡರು ಕಟ್ಟಿಕೊಂಡು ಪೂರಿಗಾಲಿಗೆ ಹೋದೆ. ಚಪ್ಪರದಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ಶುಭಕಾರ್ಯದಲ್ಲಿ ಅಂಥ ದನಿ ಯಾಕೆ ಎಂದು ಗೊಣಗಿದರು. ಗೌರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದರು.

“ಇಷ್ಟು ವರ್ಸ ಬಾಗ್ಲು ಇಂದಿಂದ ಬತ್ತಿತ್ತು, ಈಗ ಡಬ್ಬದಿಂದ ಬತ್ತದೆ. ನಿಮ್ಗೇನ್ ಕಷ್ಟ? ಬುಡಿ ಅತ್ಲಾಗೆ.” ಆಮೇಲೆ ನನ್ನ ಕಡೆ ತಿರುಗಿ, “ಡಬ್ಬವ ಬಾಗ್ಲು ಒಳಗೇ ಮಡುಗಪ್ಪ. ದನಿ ಆ ಕಡೆಯಿಂದ್ಲೇ ಬರ್ಬೇಕು. ನಾವು ಬರೀ ಬಾಯಿ ಕಣಪ್ಪ, ಪದ ಅವಳ್ದು” ಅಂದರು.

ಹೊಸ್ತಿಲ ಒಳಗೆ ಸ್ಪೀಕರ್ ಇಟ್ಟು ಪಕ್ಕದಲ್ಲೇ ಕುಳಿತೆ. ಚಿಕ್ಕತಾಯಮ್ಮ ಬಾಗಿಲ ಮರೆಯಲ್ಲಿ ತಮ್ಮ ಎಂದಿನ ಜಾಗದಲ್ಲೇ ನಿಂತರು. ಮಗಳು ಎಷ್ಟು ಕರೆದರೂ ಹೊಸ್ತಿಲು ದಾಟಲಿಲ್ಲ. ಹೆಂಗಸರು ಒಂದು ಸಾಲು ಮುಗಿಸಿದ ಕೂಡಲೇ ನಾನು ಕೀ ಒತ್ತುವುದು, ಚಿಕ್ಕತಾಯಮ್ಮನ ದನಿ ಮುಂದಿನ ಸಾಲು ಎತ್ತಿಕೊಡುವುದು, ಗೌರಮ್ಮ ಹಿಡಿದುಕೊಳ್ಳುವುದು. ಅರಿಸಿನದ ಪದ, ಹಸೆಗೆ ಕರೆಯುವ ಪದ, ಎಲ್ಲವೂ ಹಾಗೆಯೇ ಸಾಗಿದವು. ಮಂಜುಳ ತಲೆ ತಗ್ಗಿಸಿ ಕೇಳುತ್ತಿದ್ದಳು.

ಕೊನೆಗೆ ಹೆಣ್ಣೊಪ್ಪಿಸುವ ಹೊತ್ತು ಬಂತು. ಆ ಪದದ ಒಂದು ಸಾಲೂ ನನ್ನ ಬಳಿ ಇರಲಿಲ್ಲ. ಪ್ರತಿ ಮದುವೆಯಲ್ಲೂ ಆ ಹೊತ್ತಿಗೆ ರೆಕಾರ್ಡ್ ಮಾಡುವವರು ಊಟದ ಪಂಕ್ತಿಯಲ್ಲಿ ಕೂತಿರುತ್ತಿದ್ದರು. ಹೇಗೋ ನೆನಪಾಗುತ್ತದೆ ಬಿಡಿ ಎಂದು ಗೌರಮ್ಮನೇ ಶುರು ಮಾಡಿದರು. ಎರಡು ನುಡಿ ಆಯಿತು. ಮೂರನೆಯದಕ್ಕೆ ತಡವರಿಸಿದರು. ಮಾತು ಸಿಗಲಿಲ್ಲ. ಅಷ್ಟೂ ಹೆಂಗಸರು ಅಭ್ಯಾಸದಂತೆ ಒಟ್ಟಿಗೆ ಬಾಗಿಲ ಕಡೆ ತಿರುಗಿದರು.

ಚಿಕ್ಕತಾಯಮ್ಮನ ಬಾಯಿ ತೆರೆದುಕೊಂಡಿತು. ತುಟಿ ಒಂದೊಂದು ಮಾತಿಗೂ ಸ್ಪಷ್ಟವಾಗಿ ಆಡಿತು. ಸಾಲು ಅಲ್ಲಿಯೇ ಇತ್ತು, ಆಕೆಗೆ ಪೂರ್ತಿ ಗೊತ್ತಿತ್ತು. ಕತ್ತಿನ ರಂಧ್ರದಿಂದ ಉಸಿರು ಬಿಟ್ಟರೆ ಬೇರೇನೂ ಬರಲಿಲ್ಲ. ಮತ್ತೊಮ್ಮೆ ಹೇಳಿದರು. ನನ್ನ ಬೆರಳು ಕೀಲಿಮಣೆಯ ಮೇಲೆಯೇ ಇತ್ತು, ಒತ್ತಲು ಏನೂ ಇರಲಿಲ್ಲ. ಮಂಜುಳ “ಅವ್ವಾ” ಎಂದು ಓಡಿ ಬಂದು ಹೊಸ್ತಿಲು ದಾಟಿ ತಾಯಿಯನ್ನು ತಬ್ಬಿಕೊಂಡಳು. ಪದ ಅರ್ಧಕ್ಕೇ ನಿಂತಿತು, ಹಾಗೆಯೇ ಹೆಣ್ಣೊಪ್ಪಿಸಿದರು.

ಮಂಡ್ಯಕ್ಕೆ ಬಂದವನು ಮೊದಲು ಮಾಡಿದ ಕೆಲಸ ನಾಯ್ಸ್ ಗೇಟನ್ನು ತೆಗೆದುಹಾಕಿದ್ದು. ಪಾತ್ರೆ ಸದ್ದು ಬಂದರೆ ಬರಲಿ. ಪೂರಿಗಾಲಿಯ ಹಾಡುಗಳಿಗೆಲ್ಲ ಗೌರಮ್ಮನ ಹೆಸರಿನ ಜೊತೆಗೆ ಚಿಕ್ಕತಾಯಮ್ಮನ ಹೆಸರನ್ನೂ ಸೇರಿಸಿ ಮತ್ತೆ ಜೋಡಿಸಿದೆ. ಯಾವುದು ದನಿ, ಯಾವುದು ಗದ್ದಲ ಎಂಬುದು ಯಂತ್ರಕ್ಕೆ ತಿಳಿಯುವುದಿಲ್ಲ, ಹೇಳಿಕೊಡುವವರು ನಾವು. ನಾನು ಸಾಫ್ಟ್‌ವೇರಿನಲ್ಲಿ ಹಾಕಿದ ಗೇಟನ್ನು ಊರು ಬಹಳ ಹಿಂದೆಯೇ ಹೊಸ್ತಿಲಲ್ಲಿ ಹಾಕಿತ್ತು. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ.

ಮಂಜುಳಳ ಮದುವೆಯಲ್ಲಿ ನಾನು ರೆಕಾರ್ಡ್ ಮಾಡಿಕೊಂಡ ಕೊನೆಯ ಫೈಲಿಗೆ ಮಾತ್ರ ಮುಖ್ಯ ಗಾಯಕಿಯ ಜಾಗದಲ್ಲಿ ಒಂದೇ ಹೆಸರು ಬರೆದಿದ್ದೇನೆ: ಚಿಕ್ಕತಾಯಮ್ಮ. ಎರಡು ನುಡಿಯ ಮೇಲೆ ಹಾಡು ನಿಲ್ಲುತ್ತದೆ, ಆಮೇಲೆ ಸ್ವಲ್ಪ ಹೊತ್ತು ಏನೂ ಕೇಳುವುದಿಲ್ಲ. ಮುಂದೆ ಯಾರಾದರೂ ಅದನ್ನು ಖಾಲಿ ಜಾಗವೆಂದು ತೆಗೆದಾರು ಎಂಬ ಭಯಕ್ಕೆ ಕೆಳಗೆ ಒಂದು ಟಿಪ್ಪಣಿ ಹಾಕಿದ್ದೇನೆ: ‘ಇಲ್ಲಿ ಹಾಡುತ್ತಿದ್ದಾರೆ. ಕತ್ತರಿಸಬೇಡಿ.’