ಕಾಲ್‌ಬ್ಯಾಕೋ, ಚಾನೆಲೋ

ಮೆಟ್ರೊ ನಾಗಸಂದ್ರದವರೆಗೆ ಬಂದ ಹೊಸತು. ಮತ್ತಿಕೆರೆಯ ನಮ್ಮ ಪುಟ್ಟ ಆಫೀಸಿನಲ್ಲಿ ಪ್ರೋಗ್ರಾಂ ಬರೆಯುವವರು ಇಬ್ಬರೇ: ನಾನು, ನನಗಿಂತ ಹದಿನೈದು ವರ್ಷ ದೊಡ್ಡವರಾದ ಮೇಡಂ. ಪುಟ್ಟೇನಹಳ್ಳಿಯ ಕಣ್ಣಿನ ಕ್ಲಿನಿಕ್ಕೊಂದಕ್ಕೆ ಟೋಕನ್ ಪರದೆ ಮಾಡುತ್ತಿದ್ದೆವು. ಡಾಕ್ಟರು ‘ಮುಂದಿನವರು’ ಎಂಬ ಬಟನ್ ಒತ್ತಿದರೆ ಹೊರಗಿನ ಪರದೆಯಲ್ಲಿ ನಂಬರ್ ಬದಲಾಗಬೇಕು, ಧ್ವನಿ ಅದನ್ನು ಕೂಗಬೇಕು.

ನಾನು ಎಲ್ಲಕ್ಕೂ ಕಾಲ್‌ಬ್ಯಾಕ್ ಬರೆದಿದ್ದೆ. ಅಂದರೆ ಬಟನ್ನೇ ಪರದೆಯನ್ನೂ ಧ್ವನಿಯನ್ನೂ ಒಂದಾದಮೇಲೊಂದು ಕರೆದು, ಅವುಗಳ ಕೆಲಸ ಮುಗಿಯುವವರೆಗೆ ಕಾಯುತ್ತಿತ್ತು.

“ಧ್ವನಿ ನಿಧಾನ ಕಣೇ. ಚಾನೆಲ್ ಹಾಕು. ಬಟನ್ನು ಅದರಲ್ಲಿ ಸಂದೇಶ ಇಟ್ಟು ಹೋಗ್ಲಿ, ಧ್ವನಿ ಬಿಡುವಾದಾಗ ಎತ್ಕೊಳ್ಳುತ್ತೆ,” ಎಂದರು ಮೇಡಂ.

“ಇಷ್ಟಕ್ಕೆಲ್ಲ ಯಾಕೆ ಮೇಡಂ?” ಎಂದು ನಾನು ಕಾಲ್‌ಬ್ಯಾಕನ್ನೇ ಉಳಿಸಿಕೊಂಡೆ.

ಕ್ಲಿನಿಕ್ಕಿನಲ್ಲಿ ಮೊದಲ ದಿನವೇ ಧ್ವನಿ ಕೂಗಿ ಮುಗಿಸುವ ತನಕ ಡಾಕ್ಟರ ಪರದೆ ಅಲುಗಾಡಲಿಲ್ಲ. ಅವರು ಮತ್ತೆ ಒತ್ತಿದರು. ಒಂದು ನಂಬರ್ ಹಾರಿಹೋಯಿತು.

“ಬೆಳಗ್ಗಿಂದ ಕೂತಿವ್ನಿ, ನನ್ ನಂಬರ್ ನುಂಗ್ಬುಟ್ರಾ?” ಎಂದು ಅಜ್ಜಿಯೊಬ್ಬರು ನನ್ನ ಮೇಲೆ ರೇಗಿದರು. ಅವರನ್ನು ನಾನೇ ಒಳಗೆ ಕರೆದುಕೊಂಡು ಹೋದೆ.

ಮೇಡಂ ‘ನಾ ಹೇಳಿರ್ಲಿಲ್ವಾ’ ಎನ್ನಲಿಲ್ಲ. ನಾನೇ ಹಟಕ್ಕೆ ಬಿದ್ದು ಎಲ್ಲವನ್ನೂ ಚಾನೆಲ್ ಮಾಡಿದೆ. ಪರದೆಯಲ್ಲಿ ರೋಗಿಯ ಹೆಸರು ಹುಡುಕುವ ಪೆಟ್ಟಿಗೆಯು ಪಕ್ಕದ ಹೆಸರುಗಳ ಪಟ್ಟಿಗೆ ಹೇಳುವ ಸಣ್ಣ ಮಾತಿಗೂ ಒಂದು ಚಾನೆಲ್! ಒಂದು ಕಡೆ ಸಂದೇಶ ಎತ್ತಿಕೊಳ್ಳುವ ಸಾಲು ಬರೆಯಲು ಮರೆತಿದ್ದರಿಂದ ಸಂದೇಶಗಳು ತುಂಬಿಕೊಂಡು ಇಡೀ ಪ್ರೋಗ್ರಾಂ ನಿಂತುಹೋಯಿತು.

ಮೇಡಂ ಕುರ್ಚಿ ಎಳೆದುಕೊಂಡು ಬಂದು ಕೂತರು. “ಇಲ್ಲಿ ಕೇಳೋದು ಪಟ್ಟಿ ಒಂದೇ, ಕೆಲಸಾನೂ ಚಿಟಿಕೆ ಹೊಡೆಯೋದ್ರೊಳಗೆ ಮುಗಿಯುತ್ತೆ. ಕಾಲ್‌ಬ್ಯಾಕೇ ಸಾಕು. ಧ್ವನಿಗೆ, ಹೊರಗಿನ ಪರದೆಗೆ ಮಾತ್ರ ಚಾನೆಲ್ ಇರ್ಲಿ.”

“ಹಾಗಾದ್ರೆ ನಾನು ಎರಡು ಸಲಾನೂ ತಪ್ಪು.”

“ಎರಡು ಸಲಾನೂ ಅರ್ಧ ಸರಿ,” ಎಂದು ನಕ್ಕು, ತಮ್ಮ ಡಬ್ಬಿಯ ಚಿತ್ರಾನ್ನ ನನ್ನತ್ತ ತಳ್ಳಿದರು.

ಮುಂದಿನ ವಾರ ಇಬ್ಬರೂ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ಎಷ್ಟು ಬೇಗ ಒತ್ತಿದರೂ ಧ್ವನಿ ತನ್ನ ಪಾಡಿಗೆ ಒಂದೊಂದೇ ನಂಬರ್ ಕೂಗಿತು. ಮೇಡಂ ತಾವೂ ಟೋಕನ್ ತೆಗೆದುಕೊಂಡು, ಸರದಿಯಲ್ಲಿ ಕೂತು ಕಣ್ಣು ತೋರಿಸಿಕೊಂಡರು. ಹೊರಬಂದಾಗ ಡ್ರಾಪ್ಸ್ ಹಾಕಿದ್ದರಿಂದ ಅವರಿಗೆ ಎಲ್ಲವೂ ಮಂಜು ಮಂಜು. ಯಶವಂತಪುರದ ಬಸ್ಸು ಬರುವ ತನಕ ಬೋರ್ಡುಗಳನ್ನೆಲ್ಲ ನಾನೇ ಓದಿ ಹೇಳಿದೆ. ಅವರು ನನ್ನ ಕೈ ಬಿಡಲಿಲ್ಲ.