ನಮ್ಮೂರ ಕಟಿಂಗ್ ಅಂಗಡಿಯ ಬೀಗ

ಮೊಮ್ಮಕ್ಕಳೇ, ನಿಮ್ಮಲ್ಲಿ ದೊಡ್ಡವಳು ಮೊನ್ನೆ ಫೋನಿನಲ್ಲಿ, "ಅಜ್ಜೀ, ಮಾನವ ಹಕ್ಕುಗಳ ಚಳವಳಿಯಿಂದ ಏನು ಉಪಯೋಗವಾಯಿತು ಅಂತ ಸಾಲಿಯೊಳಗ ಮಾತಾಡಬೇಕು, ನಿನಗ ಏನರ ಗೊತ್ತೈತೇನು?" ಎಂದು ಕೇಳಿದಳು. ನಾನು ನಾಚಿ ಫೋನನ್ನು ಊರಿಗೆ ಬಂದಿದ್ದ ಅವಳ ಅಪ್ಪನ ಕೈಗೆ ಕೊಟ್ಟುಬಿಟ್ಟೆ. ಊರ ಸಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತವಳು ನಾನು. ಜಗತ್ತಿನ ಇತಿಹಾಸ ನನಗೆ ಗೊತ್ತಿಲ್ಲ. ಕಟಿಂಗ್ ಅಂಗಡಿಯದು ಗೊತ್ತಿದೆ, ಅದನ್ನೇ ಬರೆಯುತ್ತೇನೆ.

ನಮ್ಮೂರು ಸಿಂಧನೂರು-ಮಸ್ಕಿ ರಸ್ತೆಯಿಂದ ಕಾಲುವೆ ದಾಟಿ ಒಳಗಿದೆ. ಊರ ಹೆಬ್ಬಾಗಿಲು ಅಗಸಿ, ಅದರ ಹತ್ತಿರ ಒಂದೇ ಕಟಿಂಗ್ ಅಂಗಡಿ, ಅದರಲ್ಲಿ ಒಂದು ತಿರುಗುವ ಕುರ್ಚಿ. ಆ ಕುರ್ಚಿಯಲ್ಲಿ ಊರವರೆಲ್ಲ ಕೂರುತ್ತಿದ್ದರು, ನಮ್ಮ ಓಣಿಯ ದಲಿತರು ಮಾತ್ರ ಕೂರುವಂತಿರಲಿಲ್ಲ. ನಿಮ್ಮ ತಾತ ಮಸ್ಕಿಯ ಕಚೇರಿಯೊಂದರಲ್ಲಿ ಜವಾನರಾಗಿದ್ದರು. ಸಾಹೇಬರು ಇಲ್ಲದಾಗ ಅವರ ಕುರ್ಚಿಯಲ್ಲಿ ಕೂತು ನೋಡಿದ್ದೂ ಉಂಟಂತೆ. ಅಗಸಿಯ ಕುರ್ಚಿ ಮಾತ್ರ ದಕ್ಕಿರಲಿಲ್ಲ.

"ಮಸ್ಕಿಯೊಳಗ ಮಾಡಿಸ್ಕೊಂಡು ಬರ್ರಿ, ಏನಾತೀಗ?" ಎನ್ನುತ್ತಿದ್ದೆ.

"ನೀರಡಿಸಿದ್ರ ನೀರಿಗೂ ಮಸ್ಕಿಗೆ ಹೋಗ್ಲೇನು? ಇದ್ದೂರಾಗ ಒಮ್ಮೆರ ಆ ಕುರ್ಚಿ ಮ್ಯಾಲ ಕುಂದರಬೇಕು ನಾ."

ಕಡೆಗೆ ಲಿಂಗಸುಗೂರಿನ ಮಾನವ ಹಕ್ಕುಗಳ ಸಂಘಕ್ಕೆ ಹೋಗಿ ಹೇಳಿದರು. ಅಲ್ಲಿಂದ ಒಬ್ಬ ಹೆಣ್ಣುಮಗಳು ಬಂದಳು. ಅವಳ ಹಿಂದೆ ಅಧಿಕಾರಿಗಳು, ಪೊಲೀಸರು ಬಂದು ಗುಡಿಕಟ್ಟೆಯ ಮುಂದೆ ಶಾಂತಿಸಭೆ ಮಾಡಿದರು.

"ನಂದೇನೂ ಅಡ್ಡಿ ಇಲ್ರಿ, ಕಟಿಂಗ್ ಮಾಡಾಂವನ್ನ ಕೇಳ್ರಿ" ಎಂದರು ಊರ ಗೌಡರು.

"ನಂದೇನೈತ್ರಿ, ಗೌಡ್ರು ಹ್ಞೂಂ ಅನ್ಲಿ" ಎಂದ ಕಟಿಂಗಿನವನು.

ಹೀಗೆ ಮಾತು ಅವರಿಬ್ಬರ ನಡುವೆ ಚೆಂಡಿನಂತೆ ಓಡಾಡಿತು. ಆ ಹೆಣ್ಣುಮಗಳು ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಅಕ್ಕಾ, ನೀವರ ಮಾತಾಡ್ರಿ" ಎಂದಳು. ಅಷ್ಟು ಮಂದಿಯನ್ನು ಕಂಡು ನನಗೆ ಬೆವರೊಡೆಯಿತು. "ಚಾ ಆರಾಕತ್ತೈತ್ರಿ" ಎಂದು ಹೇಳಿ ಕೂತುಬಿಟ್ಟೆ. ಮಾನವ ಹಕ್ಕುಗಳ ಬಗ್ಗೆ ನಾನು ಮಾಡಿದ ಭಾಷಣ ಅದೊಂದೇ. ಎಲ್ಲರೂ ಚಹಾ ಕುಡಿದರು. ಅಂಗಡಿ ತೆರೆದರೆ ಎಲ್ಲರಿಗೂ ತೆರೆಯಬೇಕು, ಇಲ್ಲವಾದರೆ ಕೇಸು ಎಂದು ಹೇಳಿ ಅಧಿಕಾರಿಗಳು ಹೋದರು.

ಮರುದಿನ ಅಂಗಡಿಗೆ ಬೀಗ. "ಎಲ್ಲಿಗೆ ಹೋಗ್ಯಾನ?" ಎಂದರೆ, "ಹೆಂಡತಿ ಊರಿಗೆ ಹೋಗ್ಯಾನ" ಎಂದರು. ಇದು ಊರ ಹಿರಿಯರು ಕೂಡಿ ಮಾಡಿದ ಉಪಾಯ. ಆದರೆ ಅವರು ಒಂದನ್ನು ಮರೆತಿದ್ದರು. ನಾವು ಮೊದಲಿನಿಂದಲೂ ಹೊರಗೇ ಕ್ಷೌರ ಮಾಡಿಸಿಕೊಂಡವರು, ಬೀಗ ಹಾಕಿದರೆ ನಮಗೇನು ಕಷ್ಟ? ಗಡ್ಡ ಬೆಳೆದದ್ದು ಅವರದು. ಕೆಲವು ದಿನಗಳಲ್ಲಿ ಗುಡಿಕಟ್ಟೆಯ ಮೇಲೆ ಕೂತವರನ್ನು ಕಂಡರೆ ಎಲ್ಲೆಲ್ಲಿಯ ಮಠಗಳ ಸ್ವಾಮಿಗಳೋ ಒಟ್ಟಿಗೆ ಬಂದು ಇಳಿದಂತಿತ್ತು. ಲಿಂಗಸುಗೂರಿನ ಆ ಹೆಣ್ಣುಮಗಳೂ ಬಿಡಲಿಲ್ಲ. ಸಂತೆಗೆ ಬಂದಂತೆ ವಾರ ವಾರ ಬಂದು ಬೀಗ ಜಗ್ಗಿ ನೋಡಿ ಹೋಗುತ್ತಿದ್ದಳು.

ಅಷ್ಟರಲ್ಲಿ ಗೌಡರ ಮಗಳ ಮದುವೆ ನಿಶ್ಚಯ ಹತ್ತಿರ ಬಂತು. ಅದರ ಹಿಂದಿನ ದಿನವೇ ನಾನು ಕಣ್ಣು ತೋರಿಸಲು ತಾತನ ಜೊತೆ ಸಿಂಧನೂರಿಗೆ ಹೋಗಿದ್ದೆ. ದವಾಖಾನೆ ಮುಗಿಸಿ ಅವರು ಒಂದು ಕಟಿಂಗ್ ಅಂಗಡಿ ಹೊಕ್ಕರು. ನಾನು ಬಾಗಿಲ ಬಳಿ ಚೀಲ ಹಿಡಿದು ನಿಂತೆ. ತಾತನ ಮುಖದ ತುಂಬ ಸೋಪಿನ ನೊರೆ. ಆಗ ಗೌಡರು ಒಳಗೆ ಬಂದರು.

"ಏನಪಾ, ನೀ ಇಲ್ಲಿ?"

"ಗಡ್ಡಕ್ಕ ಬಂದೀನ್ರಿ. ನೀವು?"

"ನಾನಾ? ನಾ ಗೊಬ್ಬರ ತರಾಕ ಬಂದಿದ್ದೆ."

"ಗೊಬ್ಬರದಂಗಡಿ ಆ ಕಡಿಗೈತ್ರಿ ಯಜಮಾನ್ರ" ಎಂದ ಅಲ್ಲಿನ ಕಟಿಂಗಿನವನು. "ಇಲ್ಲಿ ಬರೇ ಕೂದಲ ಸಿಗ್ತಾವ."

ಗೌಡರು ಬೆಂಚಿನ ಮೇಲೆ ಕೂತರು. ಅಲ್ಲಿ ಆಗಲೇ ನಮ್ಮೂರ ಇನ್ನಿಬ್ಬರು ಹಿರಿಯರು ಪೇಪರ್ ಅಗಲಿಸಿ ಮುಖ ಮುಚ್ಚಿಕೊಂಡು ಕೂತಿದ್ದರು. ಗೌಡರಿಗೆ ಅವಸರವಿದೆಯೆಂದು ಅವರು ಪಾಳಿ ಬಿಟ್ಟುಕೊಟ್ಟರು. ತಾತ ಏಳುತ್ತಲೇ ಅಲ್ಲಿನ ಕಟಿಂಗಿನವನು ಅವರ ಕೊರಳಿನ ಬಟ್ಟೆಯನ್ನು ಒಮ್ಮೆ ಝಾಡಿಸಿ ಗೌಡರ ಕೊರಳಿಗೆ ಸುತ್ತಿದ. ಬ್ರಷ್ಷೂ ಅದೇ, ಸೋಪೂ ಅದೇ. ಗೌಡರು ಕಣ್ಣು ಮುಚ್ಚಿಕೊಂಡರು.

ಹಿಂತಿರುಗುವ ಬಸ್ಸಿನಲ್ಲಿ ನುಣ್ಣನೆ ಮುಖದ ಗೌಡರು ನಮ್ಮ ಮುಂದಿನ ಸೀಟಿನಲ್ಲಿ ಕೂತು, "ಇದನ್ನ ಊರಾಗ ಹೇಳಬ್ಯಾಡಪಾ" ಎಂದರು.

"ಯಾರಿಗೆ ಹೇಳ್ಲಿ ಗೌಡ್ರ? ಊರೆಲ್ಲಾ ಅಲ್ಲೇ ಕುಂತಿತ್ತಲ್ರಿ!"

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕೆ. ಗೌಡರು ಕಿಟಕಿಯ ಹೊರಗಿನ ಗದ್ದೆಯ ಕಡೆ ಮುಖ ತಿರುಗಿಸಿದರು. ನಮಗಲ್ಲ, ಗದ್ದೆಗೆ ಹೇಳುವಂತೆ, "ಸುಮ್ ಸುಮ್ನ ಎಲ್ಲಾರ್ಗೂ ತ್ರಾಸು" ಎಂದರು.

ನಿಶ್ಚಯ ಮುಗಿದ ಮೇಲೆ ಗೌಡರೇ ಕಟಿಂಗಿನವನಿಗೆ ಹೇಳಿಕಳಿಸಿ ಬೀಗ ತೆಗೆಸಿದರು. ತಾತ ಹೋಗಿ ಆ ಕುರ್ಚಿಯಲ್ಲಿ ಕೂತರು. ನಾನು ಅಗಸಿಯ ಮರೆಯಲ್ಲಿ ನಿಂತಿದ್ದೆ. ಕಟಿಂಗಿನವನು ಎರಡು ಸಲ ಕತ್ತರಿ ಬೀಳಿಸಿದ್ದು ಅಲ್ಲಿಗೂ ಕೇಳಿಸಿತು. ತಾತ ಮನೆಗೆ ಬಂದಾಗ ಒಂದು ಕಡೆಯ ಮೀಸೆ ಇನ್ನೊಂದರ ಅರ್ಧದಷ್ಟಿತ್ತು. ನಾನು ಬಾಯಿ ಬಿಡುವ ಮೊದಲೇ ಕನ್ನಡಿ ನೋಡಿ, ಬಂದ ದಾರಿಯಲ್ಲೇ ತಿರುಗಿ ಅಂಗಡಿಗೆ ಹೋದರು. ನಾನೂ ಹಿಂದೆಯೇ ಹೋದೆ.

"ಲೇ, ಏನ್ ಮಾಡಿಟ್ಟೀಯಲೇ ಇದು? ನಾ ಏನು ನಾಟಕದಾಗ ಪಾತ್ರ ಮಾಡಾಂವ ಏನು?"

"ನೀ ಅಳ್ಳಾಡಿದಿ, ನಾ ಏನ್ ಮಾಡ್ಲಿ?"

"ನಾ ಅಳ್ಳಾಡಿದ್ನೋ ನಿನ್ನ ಕೈಯೋ?"

ಬೆಂಚಿನವರು ಎರಡು ಪಂಗಡವಾಗಿ, ಕೆಲವರು ಮೀಸೆಯ ಕಡೆ, ಕೆಲವರು ಕತ್ತರಿಯ ಕಡೆ ಮಾತಾಡಿದರು. ಹಕ್ಕು, ಕೇಸು ಎಂಬ ಮಾತೇ ಬರಲಿಲ್ಲ. ಕೊನೆಗೆ ಕಟಿಂಗಿನವನು, "ಬಾ, ಕುಂದ್ರು, ಇನ್ನೊಂದು ಕಡೀದೂ ಸಣ್ಣ ಮಾಡ್ತೀನಿ" ಎಂದು ಗೊಣಗುತ್ತ ಕುರ್ಚಿಯನ್ನು ತಾತನ ಕಡೆಗೆ ತಿರುಗಿಸಿದ.